ಎರಾಸ್ಮೊ ಮುಂಬಾಗಿಲಿನಿಂದ ಬಂದ ದಿನ

"ಮಿಗ್ದಾ, ಇವತ್ತು ಮಧ್ಯಾಹ್ನ ಊಟಕ್ಕೆ ಬರ್ತೀನಿ."

ಪ್ಲೈವುಡ್ ಗೋಡೆಯ ಆ ಕಡೆಯಿಂದ ಈ ಮಾತು ಬಂದಾಗ ಮಿಗ್ದಾಲಿಯಾ ಬೆಳಗಿನ ಕಾಫಿ ಸೋಸುತ್ತಿದ್ದಳು. ಕೈ ಅಲ್ಲೇ ನಿಂತಿತು.

"ಎಲ್ಲಿಗೆ?" ಎಂದಳು.

"ಇನ್ನೆಲ್ಲಿಗೆ, ನಿನ್ನ ಖಾನಾವಳಿಗೆ. ಮುಂಬಾಗಿಲಿಂದಾನೇ ಬರ್ತೀನಿ. ಕಿಟಕಿ ಪಕ್ಕದ ಮೇಜು ಇಟ್ಟಿರು. ನಿನ್ನ ಹತ್ರ ಒಂದು ವಿಷಯ ಕೇಳೋದಿದೆ."

"ಈಗಲೇ ಕೇಳು. ಬಾಯಿಗೇನಾಗಿದೆ?"

"ಹಲಗೆ ಮೂಲಕ ಕೇಳೋ ವಿಷಯ ಅಲ್ಲ ಕಣೇ."

ಅಷ್ಟು ಹೇಳಿ ಎರಾಸ್ಮೊ ಸೈಕಲ್ ಹತ್ತಿ ರೈಲ್ವೆ ವರ್ಕ್‌ಶಾಪಿಗೆ ಹೊರಟುಹೋದ. ಮಿಗ್ದಾಲಿಯಾ ಸೋಸಿದ ಕಾಫಿಗೆ ಎರಡು ಸಲ ಸಕ್ಕರೆ ಹಾಕಿದಳು.

ಅವನು ಅವಳ ಮಾಜಿ ಗಂಡ. ನಮ್ಮ ಕಾಮಗ್ವೇ ಊರಿನಲ್ಲಿ ಗಂಡ ಹೆಂಡತಿ ಬೇರೆಯಾಗುವುದು ಸಲೀಸು, ಬೇರೆ ಮನೆ ಸಿಗುವುದು ಮಾತ್ರ ಈ ಜನ್ಮದಲ್ಲಿ ಆಗುವ ಮಾತಲ್ಲ. ಸರ್ಕಾರದ ಕಾನೂನು, ಮನೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಯಾರಾದರೂ ತಮ್ಮ ಮನೆ ಕೊಟ್ಟು ನಿಮ್ಮದನ್ನು ತೆಗೆದುಕೊಳ್ಳಲು ಒಪ್ಪಿದರೆ ಅದಲುಬದಲು ಮಾಡಿಕೊಳ್ಳಬಹುದು, ಅಷ್ಟೇ. ಹಾಗಾಗಿ ಮದುವೆ ಮುರಿದವರು ಮನೆಯ ನಡುವೆ ಒಂದು ಹಲಗೆ ಬಡಿದುಕೊಂಡು ಆ ಕಡೆ ಒಬ್ಬರು, ಈ ಕಡೆ ಒಬ್ಬರು ಇರುತ್ತಾರೆ. ಮಿಗ್ದಾಲಿಯಾಗೆ ಬೀದಿ ಕಡೆಯ ಹಜಾರ, ಅಡುಗೆಮನೆ, ಒಂದು ಕೋಣೆ ಬಂತು. ಎರಾಸ್ಮೊಗೆ ಹಿಂದಿನ ಎರಡು ಕೋಣೆ, ಅಂಗಳ. ಅವನ ಬಾಗಿಲು ಪಕ್ಕದ ಓಣಿಗೆ. ಅವನು ಸೀನಿದರೆ ಇವಳಿಗೆ ಕೇಳುತ್ತದೆ, ಇವಳು ಒಗ್ಗರಣೆ ಹಾಕಿದರೆ ಅವನು ಸೀನುತ್ತಾನೆ. ಐದು ವರ್ಷದಿಂದ ಹೀಗೇ ನಡೆದಿತ್ತು.

ಮದುವೆ ಯಾಕೆ ಮುರಿಯಿತು ಎಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಕಾರಣ ಹೇಳುತ್ತಾರೆ. ನನಗೆ ಕಂಡ ಹಾಗೆ ಅವಳು ಬೇಕಾದ್ದಕ್ಕಿಂತ ಹೆಚ್ಚು ಮಾತಾಡುತ್ತಿದ್ದಳು, ಅವನು ಬಾಯಿಯನ್ನೇ ಬಿಡುತ್ತಿರಲಿಲ್ಲ. ಒಂದು ಜಗಳದಲ್ಲಿ ಅವಳು "ಹೋಗ್ಲಿ, ಬೇರೆ ಆಗೋಣ" ಎಂದಳು. ಅವನು ಆಯಿತು ಎಂದು ಅಂಗಿ ಇಸ್ತ್ರಿ ಮಾಡಿಕೊಂಡು ವಿಚ್ಛೇದನದ ಕಚೇರಿಗೆ ಹೊರಟೇಬಿಟ್ಟ.

ಆಮೇಲೆ ಅವಳು ಹಜಾರದಲ್ಲಿ ಖಾನಾವಳಿ ತೆರೆದಳು. ಹನ್ನೆರಡು ಕುರ್ಚಿ. ಅದಕ್ಕಿಂತ ಒಂದು ಜಾಸ್ತಿ ಹಾಕಿದರೂ ಇನ್‌ಸ್ಪೆಕ್ಟರ್ ಬಂದು ನಿಲ್ಲುತ್ತಾನೆ. ನಮ್ಮ ಬೀದಿಯವರೆಲ್ಲ ಅಲ್ಲಿ ಉಂಡಿದ್ದೇವೆ. ಉಣ್ಣದವನು ಒಬ್ಬನೇ, ಹಲಗೆಯ ಆಚೆ ಕೂತು ಬರೀ ವಾಸನೆ ಕುಡಿದವನು.

ಅವಳು ಕರೆಯಲಿ ಎಂದು ಅವನು ಕಾದ. ಅವನು ಬರಲಿ ಎಂದು ಅವಳು ಕಾದಳು. ಎರಡು ಕತ್ತೆಗಳನ್ನು ಎದುರುಬದುರು ಕಟ್ಟಿದರೆ ಇದಕ್ಕಿಂತ ಬೇಗ ರಾಜಿಯಾಗುತ್ತಿದ್ದವು.

"ಏನು ಕೇಳ್ತಾನೆ ಅಂತೀಯಾ ಚಿಕ್ಕಮ್ಮಾ?"

ಮಿಗ್ದಾಲಿಯಾಳ ಚಿಕ್ಕಮ್ಮ ಎರ್ಮಿನಿಯಾ ಅಡುಗೆಮನೆಯ ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮಂಡಿನೋವಿನ ಮುದುಕಿ, ಹೊಸಲು ದಾಟಿ ತಿಂಗಳುಗಳೇ ಆಗಿದ್ದವು. ನಾಲಿಗೆಗೆ ಮಾತ್ರ ಯಾವ ನೋವೂ ಇರಲಿಲ್ಲ.

"ಐದು ವರ್ಷದ ಮೇಲೆ ಗಂಡಸು ಮುಂಬಾಗಿಲಿಂದ ಬರ್ತೀನಿ ಅಂದ್ರೆ ಏನು ಕೇಳ್ತಾನೆ? ಇಸ್ತ್ರಿಪೆಟ್ಟಿಗೆ ಕೇಳ್ತಾನಾ? ನಿನ್ನೇ ಕೇಳ್ತಾನೆ. ಕೆನ್ನೆ ನೋಡ್ಕೋ, ಟೊಮೇಟೊ ಆಗಿದೆ."

"ಒಲೆ ಬಿಸಿ."

"ಒಲೆ ಆರಿಸಿ ಗಂಟೆ ಆಯ್ತು ಕಣೇ ಹುಡುಗಿ."

ಮಿಗ್ದಾಲಿಯಾ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಕೇಳಿದ್ರೆ ಒಪ್ಕೋತೀನಿ" ಎಂದಳು. "ಜಂಬ ಮಾಡೋಲ್ಲ. ಇವತ್ತೇ ಈ ಹಲಗೆ ಕಿತ್ತು ಸೌದೆಗೆ ಹಾಕ್ತೀನಿ. ಅವನು ಇಲ್ದೆ ಇರೋದು ನನಗೆ ಸಾಕಾಗಿದೆ."

ಅದು ಅವಳ ಮನಸ್ಸಿನ ಮಾತು. ಹೇಳಬೇಕಾದವನಿಗೆ ಹೇಳದೆ ಚಿಕ್ಕಮ್ಮನಿಗೆ ಹೇಳಿದಳು.

ಆ ದಿನದ ಅಡುಗೆ ಇನ್ನೂ ನನ್ನ ಮೂಗಿನಲ್ಲಿದೆ. ಹುಳಿ ಕಿತ್ತಳೆಯ ರಸದಲ್ಲಿ ನೆನೆಸಿ ಬೇಯಿಸಿದ ಹಂದಿಮಾಂಸ. ಬೆಳ್ಳುಳ್ಳಿಯ ಬಿಸಿ ಎಣ್ಣೆ ಸುರಿದ ಮರಗೆಣಸು. ಕರಿದ ಬಾಳೆಹಣ್ಣು. ಕಪ್ಪು ಬೀನ್ಸ್ ಹಾಕಿ ಬೇಯಿಸಿದ ಅನ್ನ, ಅದೂ ಬೇಕೆಂದೇ ಉರಿ ಸ್ವಲ್ಪ ಜಾಸ್ತಿ ಇಟ್ಟು, ತಳ ಹಿಡಿಯಲೆಂದು. ಪಾತ್ರೆಯ ತಳದಲ್ಲಿ ಗರಿಗರಿಯಾಗಿ ಕೂರುವ ಆ ಅನ್ನ ಎರಾಸ್ಮೊನ ಪ್ರಾಣ. ನಮ್ಮಲ್ಲಿ ತಳದ ಅನ್ನ ಅತಿಥಿಗೆ ಬಡಿಸುವುದಲ್ಲ, ಮನೆಯಲ್ಲಿ ಯಾರ ಮೇಲೆ ಜೀವವೋ ಅವರ ತಟ್ಟೆಗೆ ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ಇವರಿಬ್ಬರೂ ಅದಕ್ಕಾಗಿ ಚಮಚಗಳಲ್ಲಿ ಕತ್ತಿಯುದ್ಧ ಮಾಡುತ್ತಿದ್ದರಂತೆ. ಕೊನೆಗೆ ಪ್ರತಿ ಸಲ ಅವಳೇ ಸೋತು ಕೊಡುತ್ತಿದ್ದಳಂತೆ.

ಹನ್ನೆರಡು ಗಂಟೆಗೆ ಅವಳು ಹಳದಿ ಫ್ರಾಕು ಹಾಕಿಕೊಂಡು ಬಂದಳು. ಏಪ್ರನ್ ಕಟ್ಟಲಿಲ್ಲ. ಎಂದಿನಂತೆ ಬಾಗಿಲಲ್ಲಿ ನಿಂತು "ಬಾ ರಾಜಾ, ಕೂತ್ಕೋ", "ಏನು ಕೊಡ್ಲಿ ಚಿನ್ನಾ?" ಎಂದು ಎಲ್ಲರನ್ನೂ ಮಾತಾಡಿಸಿದಳು. ಅವಳ ಬಾಯಲ್ಲಿ ಎಲ್ಲರೂ ರಾಜರೇ, ಎಲ್ಲರೂ ಚಿನ್ನವೇ. ಆದರೆ ಕಿಟಕಿ ಪಕ್ಕದ ಮೇಜಿಗೆ ಯಾರನ್ನೂ ಬಿಡಲಿಲ್ಲ. ಹಸಿದು ಬಂದ ಇಬ್ಬರನ್ನು ವಾಪಸ್ ಕಳಿಸಿದಳು. ನಾನು ಬಾಗಿಲ ಬಳಿಯ ಕುರ್ಚಿಯಲ್ಲಿದ್ದೆ. ಹಾಗಾಗಿ ಮುಂದಿನದನ್ನು ಕಂಡಂತೆ ಹೇಳುತ್ತೇನೆ. ಕಾಣದ್ದನ್ನೆಲ್ಲ ಎರ್ಮಿನಿಯಾ ಹೇಳಿದ್ದಾಳೆ, ಅವಳ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ.

ಎರಾಸ್ಮೊ ಬಂದ. ಬಿಳಿ ಅಂಗಿ, ನುಣ್ಣಗೆ ಬಾಚಿದ ತಲೆ. ಹೊಸಲಲ್ಲಿ ನಿಂತು ಅವಳನ್ನು ನೋಡಿದ. ಮೊದಲು ಮುಖ, ಆಮೇಲೆ ಫ್ರಾಕು, ಮತ್ತೆ ಮುಖ. ಅವಳೂ ನೋಡಿದಳು. ಹಲಗೆಯ ಆಚೆ ಐದು ವರ್ಷ ಬರೀ ದನಿಯಾಗಿದ್ದವನು ಇಷ್ಟು ಹತ್ತಿರ ಎದುರಿಗೆ ನಿಂತರೆ ಹೇಗಿರುತ್ತಾನೆಂದು ಅವಳಿಗೆ ಮರೆತೇಹೋಗಿತ್ತು. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಅದನ್ನು ಒಂದು ಸಲ ಮುಟ್ಟಿ ನೋಡಬೇಕೆಂದು ಕೈ ತುಡಿಯಿತು.

"ಈ ಫ್ರಾಕು ಇನ್ನೂ ಇದೆಯಾ?" ಎಂದ.

"ಯಾಕೆ, ಸುಟ್ಟು ಹಾಕ್ಬೇಕಿತ್ತಾ?"

"ಬೇಡ ಬೇಡ. ಚೆನ್ನಾಗಿದೆ."

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನ ಬೆನ್ನ ಹಿಂದಿನಿಂದ ಒಬ್ಬ ಹೆಂಗಸು ಒಳಗೆ ಬಂದಳು. ಮೂವತ್ತರ ಆಸುಪಾಸು, ತುಂಬಿದ ಮೈ, ನೀಲಿ ಲಂಗ, ಕೈಯಲ್ಲಿ ಬೀಸಣಿಗೆ.

"ಇವಳು ಯುದೆಲ್ಕಿಸ್" ಎಂದ ಎರಾಸ್ಮೊ. "ಬಾಯಾಮೊ ಊರಿನವಳು. ಊಟ ಆಗ್ಲಿ, ಆಮೇಲೆ ಎಲ್ಲ ಹೇಳ್ತೀನಿ."

ಹೇಳುವುದೇನು ಬಂತು? ಅವನು ಅವಳಿಗೆ ಕುರ್ಚಿ ಎಳೆದುಕೊಟ್ಟ. ಅವಳು ಕೂತವಳೇ ತಲೆ ಎತ್ತಿ ಸೂರು ನೋಡಿದಳು, ಬಗ್ಗಿ ನೆಲದ ಹಂಚು ನೋಡಿದಳು, ಕಿಟಕಿಯ ಚೌಕಟ್ಟಿಗೆ ಬೆರಳು ಒತ್ತಿ ಹುಳ ಹಿಡಿದಿದೆಯೇ ಎಂದು ನೋಡಿದಳು. ಎಲ್ಲ ಕಣ್ಣಲ್ಲೇ ಅಳೆದುಕೊಂಡು, "ಅಕ್ಕಾ, ಎರಾಸ್ಮೊ ನಿಮ್ಮ ವಿಷಯ ದಾರಿಯುದ್ದಕ್ಕೂ ಹೇಳಿದ್ರು" ಎಂದು ನಕ್ಕಳು. ಮುದ್ದಾದ ನಗು. ಅದೇ ಕಷ್ಟ, ಕೆಟ್ಟ ಹೆಂಗಸಾಗಿದ್ದರೆ ಸುಲಭವಾಗುತ್ತಿತ್ತು.

ಮಿಗ್ದಾಲಿಯಾ ಅಡುಗೆಮನೆಗೆ ಹೋಗಿ ಪರದೆ ಎಳೆದು, ಗೋಡೆಗೆ ಒರಗಿ ನಿಂತಳು.

"ಚಿಕ್ಕಮ್ಮಾ, ಹೊಸ ಹೆಂಡ್ತೀನ ತೋರಿಸೋಕೆ ಬಂದಿದಾನೆ."

ಎರ್ಮಿನಿಯಾ ಪರದೆಯ ಸಂದಿಯಿಂದ ಇಣುಕಿದಳು. ನಮ್ಮೂರಲ್ಲಿ ಇದು ಹೊಸದೇನಲ್ಲ. ಹಲಗೆಯ ಆಚೆ ಮಾಜಿ ಗಂಡ ಹೊಸ ಸಂಸಾರ ಹೂಡುವುದು, ಈಚೆ ಕೂತವಳು ಅವರ ಮಂಚದ ಸದ್ದು ಕೇಳಿಕೊಂಡು ಬಾಳುವುದು, ಇಂಥ ಮನೆ ಬೀದಿಗೊಂದು ಇದೆ.

"ಈರುಳ್ಳಿ ಬಾಂಡಲೆ ಎತ್ತಿ ಅವನ ತಲೆ ಮೇಲೆ ಸುರೀಲಾ?" ಎಂದಳು ಮುದುಕಿ.

"ಬೇಡ. ನಾನು ಚೆನ್ನಾಗಿ ನಡ್ಕೋತೀನಿ. ಹೊಟ್ಟೆಕಿಚ್ಚಿನೋಳು ಅಂತ ಅನ್ನಿಸ್ಕೊಳೋದು ನನ್ನಿಂದಾಗಲ್ಲ."

ನೋಡಿ, ಅಲ್ಲೇ ಕೆಟ್ಟಿತು. ಬೇರೆ ದಿನ ಒಂದು ಲೋಟ ಒಡೆದರೆ ಬೀದಿ ಎದ್ದು ಕೂರುವಂತೆ ಕೂಗುವವಳು ಅವತ್ತು ಮಹಾರಾಣಿಯಾಗಲು ಹೊರಟಳು.

ಬಡಿಸಿದಳು. ಮಾಂಸದಲ್ಲಿ ಒಳ್ಳೆಯ ತುಂಡು ಆರಿಸಿ ಯುದೆಲ್ಕಿಸ್‌ಗೆ ಹಾಕಿದಳು. ಮರಗೆಣಸಿನ ಮೇಲೆ ಇನ್ನೊಂದು ಚಮಚ ಎಣ್ಣೆ ಸುರಿದಳು. ಆ ಹುಡುಗಿ ಹಸಿದಿದ್ದಳು, ಖುಷಿಯಾಗಿ ಉಂಡಳು. ನಡುನಡುವೆ ಪ್ರಶ್ನೆ.

"ಅಕ್ಕಾ, ಇಲ್ಲಿ ದಿನಾ ನೀರು ಬರುತ್ತಾ?"

"ದಿನ ಬಿಟ್ಟು ದಿನ. ತೊಟ್ಟಿ ದೊಡ್ಡದಿದೆ, ಯೋಚ್ನೆ ಇಲ್ಲ."

"ಸೂರು ಸೋರಲ್ವಾ?"

"ಹಿಂದಿನ ಕೋಣೇಲಿ ಒಂದು ಮೂಲೆ ಸೋರುತ್ತೆ. ಅಲ್ಲಿ ಮಂಚ ಹಾಕ್ಬೇಡ."

ಇದನ್ನು ಹೇಳುವಾಗ ಮಿಗ್ದಾಲಿಯಾಳ ದನಿ ಒಂಚೂರೂ ನಡುಗಲಿಲ್ಲ. ಮದುವೆಯಾದ ವರ್ಷ ಆ ಮೂಲೆಯಲ್ಲೇ ಅವರ ಮಂಚ ಇದ್ದದ್ದು, ಮಳೆ ಬಂದಾಗ ಇಬ್ಬರೂ ಹಾಸಿಗೆ ಹೊತ್ತುಕೊಂಡು ಓಡಾಡಿದ್ದು ಎರಾಸ್ಮೊಗೆ ನೆನಪಾಗಿರಬೇಕು. ಅವನು ತಲೆ ಎತ್ತಿ ಅವಳ ಕಣ್ಣು ಹುಡುಕಿದ. ಅವಳು ಕೊಡಲಿಲ್ಲ.

"ಯಾವಾಗ ಬರ್ತೀಯ?" ಎಂದು ಯುದೆಲ್ಕಿಸ್‌ಳನ್ನು ಕೇಳಿದಳು.

"ನೀವು ಒಪ್ಪಿದ್ರೆ ಮುಂದಿನ ತಿಂಗಳೇ ಅಕ್ಕಾ. ಎರಾಸ್ಮೊ ಅದನ್ನೇ ಹೇಳ್ತಾರೆ, ನಿಮ್ಮ ಒಪ್ಪಿಗೆ ಇಲ್ದೆ ಆಗಲ್ಲ ಅಂತ."

ಆಗ ಎರಾಸ್ಮೊ ಫೋರ್ಕು ಕೆಳಗಿಟ್ಟ. "ಅದನ್ನೇ ಕೇಳೋಕೆ ಬಂದಿದ್ದು ಮಿಗ್ದಾ" ಎಂದ. ಅವನ ದನಿ ಸಣ್ಣಗಿತ್ತು. "ಹಲಗೆ ಆಚೆ ಯಾರಿರ್ತಾರೆ ಅನ್ನೋದು ನಿನಗೂ ಸೇರಿದ ವಿಷಯ. ನೀನು ಬೇಡ ಅಂದ್ರೆ ಬೇಡ. ಇಲ್ಲಿಗೇ ಬಿಟ್ಟುಬಿಡ್ತೀನಿ."

ಊಟಕ್ಕೆ ಕೂತ ನಮಗೆಲ್ಲ ಅವನ ಮುಖ ಕಾಣುತ್ತಿತ್ತು. ಬೇಡ ಎನ್ನು ಎಂದು ಆ ಮುಖ ಬೇಡುತ್ತಿತ್ತು. ನೋಡಬೇಕಾದವಳು ಮೇಜು ಒರೆಸುತ್ತಿದ್ದಳು.

"ನನ್ನನ್ನ್ಯಾಕೆ ಕೇಳ್ತೀಯ? ಒಳ್ಳೇ ಹುಡುಗಿ. ಕರ್ಕೊಂಡು ಬಾ. ನನಗೇನು?"

"ನಿಜವಾಗ್ಲೂ?"

"ನಿಜವಾಗ್ಲೂ. ತಾಳು, ಒಂದು ನಿಮಿಷ."

ಒಳಗೆ ಹೋದಳು. ಪಾತ್ರೆ ಕೆರೆಯುವ ಸದ್ದು ಬಂತು. ಹೊರಗೆ ಬಂದು, ಕೆರೆದು ತಂದ ತಳದ ಅನ್ನವನ್ನೆಲ್ಲ ಯುದೆಲ್ಕಿಸ್‌ಳ ತಟ್ಟೆಗೆ ಸುರಿದಳು. ನಗುನಗುತ್ತ, "ತಿನ್ನು ಚಿನ್ನಾ, ಇನ್ಮೇಲೆ ಇದು ನಿಂದೇ" ಎಂದಳು.

ಎರಾಸ್ಮೊ ಆ ತಟ್ಟೆಯನ್ನೇ ನೋಡುತ್ತ ಕೂತ. ಯುದೆಲ್ಕಿಸ್ ಮಾತ್ರ ಎದ್ದು ಮಿಗ್ದಾಲಿಯಾಳನ್ನು ತಬ್ಬಿಕೊಂಡಳು. ಕಣ್ಣಲ್ಲಿ ನೀರು.

"ನೀವು ದೇವರಂಥೋರು ಅಕ್ಕಾ. ನಮ್ಮಮ್ಮ ಎಷ್ಟು ಸಂತೋಷ ಪಡ್ತಾಳೆ ಗೊತ್ತಾ? ಅವಳು ಹುಟ್ಟಿದ್ದು ಇದೇ ಊರು. ಇಲ್ಲೇ ಸಾಯ್ಬೇಕು ಅಂತ ಒಂದೇ ಹಟ."

ತಾಯಿಯನ್ನೂ ಕರೆದುಕೊಂಡು ಬರುತ್ತಾಳಂತೆ! ಮಿಗ್ದಾಲಿಯಾ ಹುಡುಗಿಯ ಬೆನ್ನು ತಟ್ಟಿ, ಖಾಲಿ ಪಾತ್ರೆ ಹಿಡಿದು ಅಡುಗೆಮನೆಗೆ ನಡೆದಳು. ಎರಾಸ್ಮೊ ಎದ್ದು ಹಿಂದೆಯೇ ಹೋದ. ಪರದೆ ತೆಳ್ಳಗಿತ್ತು. ನಾವೆಲ್ಲ ಬಾಯಾಡಿಸುವುದನ್ನು ನಿಲ್ಲಿಸಿದೆವು.

"ನಿನಗೆ ಏನೂ ಅನ್ಸಲ್ವಾ ಮಿಗ್ದಾ?"

"ಅನ್ಸೋದೇನು? ಮದುವೆ ಯಾವಾಗ ಅಂತ ಹೇಳು, ಕೇಕು ನಾನೇ ಮಾಡ್ಕೊಡ್ತೀನಿ."

"ಯಾರ ಮದುವೆ?"

"ನಿನ್ನ ಮದುವೆ. ಅವಳ ಜೊತೆ."

ಪರದೆಯ ಆಚೆ ಪಾತ್ರೆ ಕೆಳಗಿಟ್ಟ ಸದ್ದು ಬಂತು.

"ಅವಳು ಮನೆ ನೋಡೋಕೆ ಬಂದೋಳು" ಎಂದ ಎರಾಸ್ಮೊ. "ಅದಲುಬದಲು. ಬಾಯಾಮೊದಲ್ಲಿರೋ ಅವಳ ಮನೆ ನನಗೆ, ನನ್ನ ಭಾಗ ಅವಳಿಗೆ, ಅವಳ ತಾಯಿಗೆ. ಹದಿನೈದು ದಿನದಿಂದ ನನ್ನ ಬಾಗಿಲಿಗೆ ಬೋರ್ಡು ನೇತು ಹಾಕಿದೀನಲ್ಲ."

"ಆ ಓಣಿಗೆ ನಾನ್ಯಾಕೆ ಬರ್ಲಿ?"

ಆ ಬೋರ್ಡನ್ನು ಬೀದಿಯವರೆಲ್ಲ ನೋಡಿದ್ದೆವು. ಅವಳಿಗೂ ಗೊತ್ತಿರುತ್ತದೆ ಎಂದುಕೊಂಡು ಯಾರೂ ಆ ಮಾತು ಎತ್ತಿರಲಿಲ್ಲ. ಗಾಯದ ಮೇಲೆ ಕೈ ಇಡುವುದು ಯಾರಿಗೆ ಬೇಕು?

"ನೀನು ನೋಡಿದೀಯ, ನೋಡಿಯೂ ಸುಮ್ಮನಿದೀಯ ಅಂದ್ಕೊಂಡಿದ್ದೆ" ಎಂದ ಅವನು. "ಅದಕ್ಕೇ ಕೊನೇ ಸಲ ಎದುರಿಗೆ ಬಂದು ಕೇಳೋಣ ಅಂತ ಬಂದೆ. ಬೇಡ ಅಂತೀಯ ಅಂತ ಆಸೆ ಇತ್ತು. ಬೇಡ ಅಂದಿದ್ರೆ ಆ ಹುಡುಗೀಗೆ ಊಟ ಹಾಕ್ಸಿ ಬಸ್ಸು ಹತ್ತಿಸಿ ವಾಪಸ್ ಬರ್ತಿದ್ದೆ."

"ಹಾಗಾದ್ರೆ ಬೇಡ." ಅವಳ ದನಿ ಒಡೆಯಿತು. "ಬೇಡ ಕಣೋ! ಹೋಗ್ಬೇಡ. ನೀನು ಬೇಕು ನನಗೆ. ಬೆಳಿಗ್ಗೆಯಿಂದ ಅದನ್ನೇ ಹೇಳೋಣ ಅಂತ ಕಾಯ್ತಿದೀನಿ. ಚಿಕ್ಕಮ್ಮನ್ನ ಕೇಳು ಬೇಕಾದ್ರೆ."

"ಹೇಳಿದ್ಲು, ನನ್ನಾಣೆ" ಎಂದಳು ಎರ್ಮಿನಿಯಾ ಮೂಲೆಯಿಂದ.

ಎರಾಸ್ಮೊ ಕೋಪದಿಂದ ಹೇಳಿದ್ದರೆ ಅವಳು ವಾದಕ್ಕೆ ನಿಲ್ಲುತ್ತಿದ್ದಳು. ಅವನು ಮೆತ್ತಗೆ ಹೇಳಿದ.

"ಈಗ ಹೇಳ್ತೀಯ, ಅವಳು ನನ್ನ ಹೆಂಡ್ತಿ ಅಲ್ಲ ಅಂತ ಗೊತ್ತಾದ ಮೇಲೆ. ಹೆಂಡ್ತಿ ಅಂದ್ಕೊಂಡಾಗ ಏನು ಮಾಡ್ದೆ ಮಿಗ್ದಾ? ಒಳ್ಳೇ ತುಂಡು ಹಾಕ್ದೆ. ಮಂಚ ಎಲ್ಲಿ ಹಾಕ್ಬೇಕು ಅಂತ ಹೇಳ್ಕೊಟ್ಟೆ. ತಳದ ಅನ್ನ ಅವಳ ತಟ್ಟೆಗೆ ಸುರಿದೆ. ನಗ್ತಾ ನಗ್ತಾ ನನ್ನನ್ನ ಕೊಟ್ಟುಬಿಟ್ಟೆ."

"ಮತ್ತೇನು, ಅಳ್ತಾ ಕೊಡ್ಬೇಕಿತ್ತಾ?"

"ಹೂಂ. ಅಳ್ತಾ ಕೊಡ್ಬೇಕಿತ್ತು."

"ಒಳಗೊಳಗೇ ಅಳ್ತಿದ್ದೆ ಕಣೋ."

"ಒಳಗಿಂದು ನನಗೆ ಹೇಗೆ ಗೊತ್ತಾಗುತ್ತೆ? ಐದು ವರ್ಷದಿಂದ ನನಗೆ ಕೇಳ್ಸೋದು ನಿನ್ನ ನಗು ಒಂದೇ. ಬೀದೀಲಿ ಹೋಗೋ ಬರೋರೆಲ್ಲ ನಿನಗೆ ರಾಜ, ಚಿನ್ನ. ಅವರು ಉಂಡು ಹೋಗ್ತಾರೆ, ನಾನು ಹಲಗೆಗೆ ಬೆನ್ನು ಕೊಟ್ಟು ಕೂತಿರ್ತೀನಿ. ಅದನ್ನ ಕೇಳಿ ಕೇಳಿ ಸಾಕಾಗಿ ಊರು ಬಿಟ್ಟು ಹೋಗ್ತಿರೋದು. ಇವತ್ತು ಕಣ್ಣಾರೆ ನೋಡ್ದೆ. ನಾನಿಲ್ದೆ ನಿನಗೆ ಏನೂ ಆಗಲ್ಲ."

"ಆಗುತ್ತೆ. ತುಂಬಾ ಆಗುತ್ತೆ."

"ಈಗ ನಂಬೋಕೆ ಆಗ್ತಿಲ್ಲ ಮಿಗ್ದಾ. ನಂಬಬೇಕು ಅಂತ ಆಸೆ ಇದೆ. ಆಗ್ತಿಲ್ಲ."

ಅವನು ಅವಳ ತೋಳು ಹಿಡಿದನಂತೆ, ಹಣೆಗೆ ಹಣೆ ಒತ್ತಿದನಂತೆ. ಇದು ಎರ್ಮಿನಿಯಾ ಹೇಳಿದ್ದು. ಹೊರಗೆ ಯುದೆಲ್ಕಿಸ್, "ಎರಾಸ್ಮೊ, ಬಸ್ಸಿಗೆ ಹೊತ್ತಾಯ್ತು" ಎಂದು ಕೂಗಿದಳು. ಪಾಪ, ಅವಳಿಗೆ ಒಂದೂ ಅರ್ಥವಾಗಿರಲಿಲ್ಲ. ತಳದ ಅನ್ನ ಪೂರ್ತಿ ತಿಂದು ಮುಗಿಸಿದ್ದಳು.

ಮುಂದಿನ ದಿನಗಳಲ್ಲಿ ಮಿಗ್ದಾಲಿಯಾ ಸುಮ್ಮನಿರಲಿಲ್ಲ. ಹಲಗೆಯ ಹತ್ತಿರ ನಿಂತು ಬೈದಳು, ಬೇಡಿಕೊಂಡಳು. ಜಂಬವೆಲ್ಲ ಬಿಟ್ಟು ಓಣಿಗೂ ಹೋಗಿ ಅವನ ಬಾಗಿಲು ತಟ್ಟಿದಳು. ಅವನು ಬಾಗಿಲು ತೆರೆದು, ಕೂರಿಸಿ, ಕಾಫಿ ಕೊಟ್ಟು, ಅದೇ ಮಾತು ಹೇಳಿದ. ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇಳಿಯುತ್ತಿತ್ತು. ಅವಳ ಒಂದೊಂದು ಮಾತನ್ನೂ ಅವನು ತಲೆ ತಗ್ಗಿಸಿ ಪೂರ್ತಿ ಕೇಳುತ್ತಿದ್ದ, ಒಂದನ್ನೂ ನಂಬುತ್ತಿರಲಿಲ್ಲ.

ಲಾರಿ ಬಂದ ದಿನ ಮಧ್ಯಾಹ್ನ ಅವನು ಮತ್ತೆ ಮುಂಬಾಗಿಲಿಗೆ ಬಂದ. ಖಾನಾವಳಿ ತುಂಬಿತ್ತು. ಮಿಗ್ದಾಲಿಯಾ ತಟ್ಟೆಗಳನ್ನು ಕೆಳಗಿಟ್ಟು ಅವನ ಹತ್ತಿರ ಹೋದಳು.

"ಬಾ ರಾಜಾ, ಕೂತ್ಕೋ" ಎಂದಳು. ಅಷ್ಟೇ ಹೇಳಲು ಅವಳಿಗೆ ಆದದ್ದು.

ಅವನು ನಕ್ಕ. "ಕುರ್ಚಿ ಇಲ್ವಲ್ಲೇ" ಎಂದ.

ಇಬ್ಬರು ಮೂವರು ಒಟ್ಟಿಗೇ ಎದ್ದು ನಿಂತೆವು. ನಾನೂ ಎದ್ದೆ. ಅವನು ನಮ್ಮ ಕಡೆ ನೋಡಿ ತಲೆ ಅಲ್ಲಾಡಿಸಿದ, ಅವಳ ಕೆನ್ನೆಗೆ ಮುತ್ತು ಕೊಟ್ಟು, "ಲಾರಿ ಕಾಯ್ತಿದೆ" ಎಂದು ಹೊರಟ. ಅವಳು ಅವನ ಮುಂದೆ ಅಳಬಾರದೆಂದು ಹಲ್ಲು ಕಚ್ಚಿ ನಿಂತಳು. ಅಳು ಹುಡುಗಿ, ಈಗಲಾದರೂ ಅಳು ಎಂದು ನನ್ನ ಬಾಯಿಗೆ ಬಂದಿತ್ತು. ಅಭ್ಯಾಸ ಬಲು ಕೆಟ್ಟದ್ದು. ಅವಳು ನಗುತ್ತಲೇ ಕೈ ಬೀಸಿದಳು.

ಎರಡು ದಿನ ಬಿಟ್ಟು ಯುದೆಲ್ಕಿಸ್ ತಾಯಿಯ ಜೊತೆ ಬಂದು ಹಿಂದಿನ ಕೋಣೆಗಳಲ್ಲಿ ಸಾಮಾನು ಜೋಡಿಸಿದಳು. ಅಂದು ಊಟದವರೆಲ್ಲ ಹೋದ ಮೇಲೆ ಮಿಗ್ದಾಲಿಯಾ ಪಾತ್ರೆ ಉಜ್ಜುತ್ತ ಕೂತಿದ್ದಳು. ಹಲಗೆಯ ಆಚೆ ಯಾರೋ ಕುರ್ಚಿ ಎಳೆದರು, ಕೆಮ್ಮಿದರು. ಅವನ ಕೆಮ್ಮಲ್ಲ. ಅಷ್ಟಕ್ಕೇ ಅವಳ ಕಟ್ಟೆ ಒಡೆಯಿತು. ಐದು ವರ್ಷ ಅವನಿಗೆ ಕೇಳಿಸೀತೆಂದು ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತವಳು ಈಗ ಬಾಯಿಬಿಟ್ಟು ಅತ್ತಳು.

ಆಚೆಯಿಂದ ಮುದುಕಿಯ ದನಿ ಬಂತು. "ಯಾರು? ಅಳ್ತಿರೋದು ನೀನಾ ಮಗಳೇ?"

"ಹೂಂ ಅಮ್ಮಾ. ನಾನೇ."

"ಅಳು ತಾಯಿ, ಜೋರಾಗೇ ಅಳು. ಎಲ್ಲಾ ಚೆನ್ನಾಗಿ ಕೇಳಿಸ್ತಿದೆ."

ಕೇಳಿಸಬೇಕಾದವನು ಬಾಯಾಮೊದಲ್ಲಿದ್ದ.